ಸರಿಹೋಯಿತು ಎಂದರೆ ಗೊತ್ತಾಯಿತು ಎಂದೇ?

ಮನೆಯ ಕಂಪ್ಯೂಟರ್ ಕೈಕೊಟ್ಟಾಗ ಏನೋ ಒಂದು ಮಾಡಿ ನೋಡಿದರೆ ಅದು ಸರಿಹೋಗುವುದುಂಟು. ಸರಿಹೋದ ಮಾತ್ರಕ್ಕೆ ತೊಂದರೆಯ ಕಾರಣ ಗೊತ್ತಾದಂತಾಯಿತೆ ಎಂಬುದು ಬೇರೆಯೇ ಪ್ರಶ್ನೆ. ಕೆಲಸ ಕೈಗೂಡಿದ್ದು ತಿಳಿವಳಿಕೆ ನಿಜವಾಗಿತ್ತು ಎಂಬುದಕ್ಕೆ ಸಾಕ್ಷಿಯಾಗುತ್ತದೆಯೆ, ಇಲ್ಲವೆ ತಪ್ಪು ತಿಳಿವಳಿಕೆಯಿಂದಲೂ ಕೆಲಸ ಕೈಗೂಡಬಹುದೆ? ನೈಯಾಯಿಕರು, ಬೌದ್ಧರು, ಮೀಮಾಂಸಕರು, ವೇದಾಂತಿಗಳು ಶತಮಾನಗಟ್ಟಲೆ ಜಿದ್ದಿಗೆ ಬಿದ್ದು ಚರ್ಚಿಸಿದ ವಿಷಯವಿದು. ಪ್ರಮಾಣಶಾಸ್ತ್ರದ ಈ ಚರ್ಚೆಯಲ್ಲಿ ಬರುವ ಉದಾಹರಣೆಗಳು ಬಹುಮಟ್ಟಿಗೆ ಹೊಗೆ, ಬೆಂಕಿ, ಮಡಕೆ, ಕುಂಬಾರರವು. ಅವುಗಳ ಜಾಗದಲ್ಲಿ ಕಂಪ್ಯೂಟರನ್ನು ಇಟ್ಟು ನೋಡಿದರೂ ಶಾಸ್ತ್ರ ಸಡಿಲವಾಗುವುದಿಲ್ಲ. ಅದರ ಒಂದೊಂದು ಪರಿಭಾಷೆಯೂ ಯಾವ ಕೆಲಸಕ್ಕೆಂದು ಹುಟ್ಟಿತೋ ಆ ಕೆಲಸವನ್ನು ಇಲ್ಲಿಯೂ ಮಾಡಿ ತೋರಿಸುತ್ತದೆ.

ಎಲ್ಲರಿಗೂ ಗೊತ್ತಿರುವ ಮೊದಲ ಉಪಾಯ ರೀಸ್ಟಾರ್ಟ್. ಪರದೆ ಸ್ತಬ್ಧವಾಯಿತು, ಪ್ರಿಂಟರ್ ಮಾತು ಕೇಳುತ್ತಿಲ್ಲ, ಧ್ವನಿ ಬರುತ್ತಿಲ್ಲ ಎಂದಾಗ ಯಂತ್ರವನ್ನು ಮತ್ತೆ ಶುರು ಮಾಡಿದರೆ ಬಹಳಷ್ಟು ಸಲ ಎಲ್ಲವೂ ಮೊದಲಿನಂತಾಗುತ್ತದೆ. ಆಗುವುದಿಷ್ಟು: ಮೆಮೊರಿಯಲ್ಲಿದ್ದದ್ದೆಲ್ಲ ಖಾಲಿಯಾಗುತ್ತದೆ, ತಿಳಿದೋ ತಿಳಿಯದೆಯೋ ಓಡುತ್ತಿದ್ದ ಪ್ರೋಗ್ರಾಮುಗಳೆಲ್ಲ ನಿಲ್ಲುತ್ತವೆ, ಪ್ರಿಂಟರ್, ಸೌಂಡ್ ಕಾರ್ಡ್ ಮೊದಲಾದವುಗಳ ಡ್ರೈವರ್‌ಗಳು ಹೊಸದಾಗಿ ಲೋಡ್ ಆಗುತ್ತವೆ. ಇಷ್ಟೂ ಒಟ್ಟಿಗೇ ಆಗುವುದರಿಂದ ತೊಂದರೆ ಯಾವುದರಿಂದ ಹೋಯಿತು ಎಂದು ಹೇಳುವಂತಿಲ್ಲ. ತೊಂದರೆಯ ಜೊತೆಗೆ ಅದರ ಗುರುತೂ ಅಳಿಸಿಹೋಗಿರುತ್ತದೆ. ಹಾಗೆಂದು ರೀಸ್ಟಾರ್ಟ್ ಕೆಟ್ಟ ಉಪಾಯವೇನಲ್ಲ. ಒಂದೇ ಒಂದು ಸಲ ಬಂದ ತೊಂದರೆಗೆ ಅದಕ್ಕಿಂತ ಹೆಚ್ಚಿನದು ಬೇಕಾಗಿಯೂ ಇಲ್ಲ. ಅದೇ ತೊಂದರೆ ವಾರಕ್ಕೊಮ್ಮೆ ಮರುಕಳಿಸಿದರೆ ಮಾತ್ರ ಕಾರಣದ ವಿಚಾರಣೆ ಅನಿವಾರ್ಯವಾಗುತ್ತದೆ.

ವಿಚಾರಣೆ ಎಲ್ಲಿಂದ ಶುರುವಾಗಬೇಕು? ನ್ಯಾಯದರ್ಶನ ಒಪ್ಪುವ ಪ್ರಮಾಣಗಳು, ಅಂದರೆ ಜ್ಞಾನದ ಸಾಧನಗಳು, ನಾಲ್ಕು: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ಮೊದಲನೆಯದು ಪ್ರತ್ಯಕ್ಷವಾದರೂ ಕಂಡದ್ದೆಲ್ಲ ಪ್ರತ್ಯಕ್ಷಪ್ರಮಾಣವಲ್ಲ. ಅದು ವ್ಯಭಿಚಾರವಿಲ್ಲದ್ದಾಗಿರಬೇಕು, ಅಂದರೆ ವಸ್ತು ಇದ್ದಂತೆಯೇ ತೋರಬೇಕು ಎಂಬ ಷರತ್ತು ನ್ಯಾಯಸೂತ್ರದಲ್ಲೇ ಇದೆ. ಈ ಷರತ್ತು ಎಷ್ಟು ಮುಖ್ಯ ಎಂಬುದಕ್ಕೆ ವಿಂಡೋಸ್ ಕಂಪ್ಯೂಟರಿನಲ್ಲೇ ಒಳ್ಳೆಯ ನಿದರ್ಶನವಿದೆ. 2012ರಲ್ಲಿ ಬಂದ ವಿಂಡೋಸ್ 8ರಿಂದ ಈಚೆಗೆ ಫಾಸ್ಟ್ ಸ್ಟಾರ್ಟಪ್ ಎಂಬ ಏರ್ಪಾಡು ಇದೆ. ಅದು ಚಾಲೂ ಇದ್ದರೆ ಶಟ್ ಡೌನ್ ಒತ್ತಿದಾಗ ವ್ಯವಸ್ಥೆಯ ತಿರುಳಿನ ಭಾಗವಾದ ಕರ್ನಲ್ ಪೂರ್ತಿ ಮುಚ್ಚುವುದಿಲ್ಲ. ಅದರ ಸ್ಥಿತಿ ಡಿಸ್ಕಿನಲ್ಲಿ ಉಳಿದು, ಮತ್ತೆ ಆನ್ ಮಾಡಿದಾಗ ಇದ್ದಂತೆಯೇ ಎದ್ದು ಬರುತ್ತದೆ. ರೀಸ್ಟಾರ್ಟ್ ಒತ್ತಿದಾಗ ಮಾತ್ರ ಎಲ್ಲವೂ ಮೊದಲಿನಿಂದ ಶುರುವಾಗುತ್ತದೆ. ದಿನವೂ ರಾತ್ರಿ ಯಂತ್ರವನ್ನು ಬಂದ್ ಮಾಡಿ ಮಲಗುವವರು ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್ ವಿಭಾಗದಲ್ಲಿ ಅಪ್ ಟೈಮ್ ಎಂಬ ಸಾಲನ್ನು ನೋಡಿದರೆ ಅಲ್ಲಿ ಎಷ್ಟೋ ದಿನಗಳ ಲೆಕ್ಕ ಕಾಣಬಹುದು. ಪರದೆ ಕಪ್ಪಾದದ್ದು, ಫ್ಯಾನ್ ನಿಂತದ್ದು, ದೀಪ ಆರಿದ್ದು ಎಲ್ಲ ನಿಜ. ಯಂತ್ರ ಹೊಸದಾಗಿ ಶುರುವಾಯಿತು ಎಂಬುದು ಮಾತ್ರ ಕಂಡದ್ದಲ್ಲ, ಊಹಿಸಿದ್ದು. ದೋಷ ಹುಡುಕುವವರು ಮೊದಲು ಬೇರ್ಪಡಿಸಬೇಕಾದದ್ದು ಈ ಎರಡನ್ನೇ.

ಕಾರಣ ಎಂದರೇನು ಎಂಬುದಕ್ಕೆ ನೈಯಾಯಿಕರು ಕೊಡುವ ಲಕ್ಷಣದಲ್ಲಿ ಮೂರು ಅಂಶಗಳಿವೆ. ಅದು ಕಾರ್ಯಕ್ಕಿಂತ ಮೊದಲು ಇರಬೇಕು. ತಪ್ಪದೆ ಪ್ರತಿಸಲವೂ ಇರಬೇಕು. ಅನ್ಯಥಾಸಿದ್ಧವಾಗಿರಬಾರದು, ಅಂದರೆ ಅದರ ಇರುವಿಕೆ ಬೇರೆ ದಾರಿಯಿಂದ ಬಂದು ಕಾರ್ಯಕ್ಕೆ ಅನಾವಶ್ಯಕವಾಗಿರಬಾರದು. ಹದಿನೇಳನೆಯ ಶತಮಾನದ ಅನ್ನಂಭಟ್ಟನ ತರ್ಕಸಂಗ್ರಹ ಮತ್ತು ಅದರ ದೀಪಿಕೆಯನ್ನು ಸಂಸ್ಕೃತ ಪಾಠಶಾಲೆಗಳಲ್ಲಿ ತರ್ಕದ ಮೊದಲ ಪುಸ್ತಕವಾಗಿ ಓದಿದವರಿಗೆಲ್ಲ ಇದು ಪರಿಚಿತ. ಮೂರನೆಯ ಅಂಶವೇ ಇಲ್ಲಿ ಹೆಚ್ಚು ಬೆಲೆಯುಳ್ಳದ್ದು. ವಿಶ್ವನಾಥ ಪಂಚಾನನನ ಭಾಷಾಪರಿಚ್ಛೇದ ಅನ್ಯಥಾಸಿದ್ಧಗಳನ್ನು ಐದು ಬಗೆಯಾಗಿ ವಿಂಗಡಿಸುತ್ತದೆ. ಮಡಕೆ ಹುಟ್ಟುವುದಕ್ಕೆ ಮೊದಲು ಕುಂಬಾರನ ತಂದೆ ಇದ್ದೇ ಇದ್ದ. ತಿಗರಿ ತಿರುಗಿಸುವ ಕೋಲಿಗೆ ಒಂದು ಬಣ್ಣವಿತ್ತು. ಮಣ್ಣು ಹೊತ್ತು ತಂದ ಕತ್ತೆಯೂ ಅಲ್ಲೇ ನಿಂತಿತ್ತು. ಇವು ಯಾವುವೂ ಮಡಕೆಗೆ ಕಾರಣವಲ್ಲ.

ಕಂಪ್ಯೂಟರಿನ ಸುತ್ತ ಇಂಥ ಕತ್ತೆಗಳು ಬಹಳ. ಹೊಸ ವಾಲ್‌ಪೇಪರ್ ಹಾಕಿದ ಮರುದಿನ ಯಂತ್ರ ನಿಧಾನವಾದರೆ ವಾಲ್‌ಪೇಪರಿನ ಮೇಲೆ ಸಂಶಯ ಹೋಗುತ್ತದೆ. ಅದೇ ರಾತ್ರಿ ಹಿನ್ನೆಲೆಯಲ್ಲಿ ಅಪ್‌ಡೇಟ್ ಇಳಿಯುತ್ತಿದ್ದದ್ದು ಕಣ್ಣಿಗೆ ಬೀಳುವುದಿಲ್ಲ. ಇದಕ್ಕಿಂತ ದೊಡ್ಡ ಉದಾಹರಣೆ ರಿಜಿಸ್ಟ್ರಿ ಕ್ಲೀನರ್ ಎಂಬ ಪ್ರೋಗ್ರಾಮುಗಳು. ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಕೂಡಿಡುವ ದತ್ತಕೋಶವೇ ರಿಜಿಸ್ಟ್ರಿ. ಅದರಲ್ಲಿ ನೂರಾರು ದೋಷಗಳಿವೆ ಎಂದು ಕೆಂಪು ಅಕ್ಷರಗಳಲ್ಲಿ ತೋರಿಸಿ, ಅವನ್ನು ತೆಗೆದುಹಾಕಿ, ಈಗ ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ ಎಂದು ಕ್ಲೀನರ್ ಹೇಳುತ್ತದೆ. ಯಂತ್ರ ಚುರುಕಾಗುತ್ತದೆ. ಚುರುಕಾದದ್ದಕ್ಕೆ ರೀಸ್ಟಾರ್ಟ್ ಒಂದೇ ಸಾಕಾಗಿತ್ತು; ಕ್ಲೀನರ್ ಇಲ್ಲಿ ಅನ್ಯಥಾಸಿದ್ಧ. ಬಳಕೆಯಲ್ಲಿಲ್ಲದ ಕೆಲವು ನಮೂದುಗಳನ್ನು ಅಳಿಸುವುದರಿಂದ ವೇಗದಲ್ಲಿ ಗಮನಕ್ಕೆ ಬರುವಂಥ ಬದಲಾವಣೆಯೇನೂ ಆಗುವುದಿಲ್ಲ. ಬೇಕಾದ ನಮೂದು ಅಳಿಸಿಹೋದರೆ ಮಾತ್ರ ಇಡೀ ವ್ಯವಸ್ಥೆಯೇ ಏಳದಿರಬಹುದು. ಇಂಥ ಪ್ರೋಗ್ರಾಮುಗಳ ಬಳಕೆಯನ್ನು ಮೈಕ್ರೋಸಾಫ್ಟ್ ಬೆಂಬಲಿಸುವುದಿಲ್ಲ. ಆದರೂ ಅವು ವರ್ಷಗಟ್ಟಲೆ ಮಾರಾಟವಾದದ್ದು ಬಳಸಿದವರು ಫಲ ಕಂಡದ್ದರಿಂದಲೇ. ಕಂಡ ಫಲ ನಿಜ, ಕಾರಣದ ತಿಳಿವಳಿಕೆ ಸುಳ್ಳು.

ಕತ್ತೆಯನ್ನೂ ಕುಂಬಾರನನ್ನೂ ಬೇರ್ಪಡಿಸುವ ವಿಧಾನಕ್ಕೆ ಅನ್ವಯವ್ಯತಿರೇಕ ಎಂದು ಹೆಸರು. ಅದು ಇದ್ದಾಗ ಇದೂ ಇರುವುದು ಅನ್ವಯ, ಅದು ಇಲ್ಲದಾಗ ಇದೂ ಇಲ್ಲದಿರುವುದು ವ್ಯತಿರೇಕ. ಜಾನ್ ಸ್ಟುವರ್ಟ್ ಮಿಲ್ 1843ರಲ್ಲಿ ಪ್ರಕಟಿಸಿದ ತನ್ನ ತರ್ಕಗ್ರಂಥದಲ್ಲಿ ಇವಕ್ಕೆ ಹತ್ತಿರದ ವಿಧಾನಗಳನ್ನೇ ವಿಜ್ಞಾನದ ಆಧಾರವೆಂದು ವಿವರಿಸಿದ. ಮೌಸ್ ಕೆಲಸ ಮಾಡದಿದ್ದರೆ ಅದನ್ನು ಇನ್ನೊಂದು ಯುಎಸ್‌ಬಿ ಕಿಂಡಿಗೆ ಹಾಕಿ ನೋಡುವುದು, ಅದೇ ಕಿಂಡಿಗೆ ಇನ್ನೊಂದು ಮೌಸ್ ಹಾಕಿ ನೋಡುವುದು ಇದೇ ವಿಧಾನ. ಮೊದಲನೆಯದರಲ್ಲಿ ಮೌಸ್ ಉಳಿದು ಕಿಂಡಿ ಬದಲಾಗುತ್ತದೆ, ಎರಡನೆಯದರಲ್ಲಿ ಕಿಂಡಿ ಉಳಿದು ಮೌಸ್ ಬದಲಾಗುತ್ತದೆ. ಎರಡನ್ನೂ ಒಟ್ಟಿಗೆ ಬದಲಾಯಿಸಿದರೆ ಮೌಸ್ ಓಡಬಹುದು, ತಿಳಿವಳಿಕೆ ಮಾತ್ರ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ.

ಸೇಫ್ ಮೋಡ್ ಎಂಬುದು ವ್ಯತಿರೇಕಕ್ಕೆಂದೇ ಕಟ್ಟಿಕೊಟ್ಟ ಅನುಕೂಲ. ಅದರಲ್ಲಿ ವಿಂಡೋಸ್ ತೀರಾ ಅಗತ್ಯದ ಡ್ರೈವರ್‌ಗಳನ್ನು ಮಾತ್ರ ಎತ್ತಿಕೊಂಡು ಏಳುತ್ತದೆ; ಬಳಸುವವರು ಆಮೇಲೆ ಹಾಕಿಕೊಂಡ ಪ್ರೋಗ್ರಾಮುಗಳು ಹೊರಗೇ ಉಳಿಯುತ್ತವೆ. ಅಲ್ಲಿ ತೊಂದರೆ ಕಾಣದಿದ್ದರೆ ಹೊರಗುಳಿದವುಗಳಲ್ಲೇ ಕಾರಣವಿದೆ. ಅಲ್ಲಿಯೂ ಕಂಡರೆ ವ್ಯವಸ್ಥೆಯ ತಿರುಳಿನಲ್ಲೋ ಯಂತ್ರಾಂಶದಲ್ಲೋ ಹುಡುಕಬೇಕು. ಬ್ರೌಸರ್ ಎಡವುತ್ತಿದ್ದರೆ ಎಕ್ಸ್‌ಟೆನ್ಶನ್‌ಗಳು ಸಾಮಾನ್ಯವಾಗಿ ಓಡದ ಖಾಸಗಿ ಕಿಟಕಿಯಲ್ಲಿ ಅದೇ ಪುಟ ತೆರೆದು ನೋಡುವುದು, ಒಂದು ಹೊಸ ಬಳಕೆದಾರ ಖಾತೆ ಮಾಡಿ ಅಲ್ಲಿ ಅದೇ ಪ್ರೋಗ್ರಾಂ ಓಡಿಸುವುದು ಇವೂ ಅದೇ ಜಾತಿಯವು. ಇವುಗಳಲ್ಲಿ ಯಾವುದೂ ತೊಂದರೆಯನ್ನು ಪರಿಹರಿಸುವುದಿಲ್ಲ. ಕಾರಣ ಇರಬಹುದಾದ ಜಾಗವನ್ನು ಮಾತ್ರ ಕಿರಿದು ಮಾಡುತ್ತವೆ, ಮತ್ತು ದೋಷಶೋಧನೆಯಲ್ಲಿ ಅದೇ ಮುಕ್ಕಾಲು ಕೆಲಸ.

ಜಾಗವನ್ನು ಬೇಗ ಕಿರಿದು ಮಾಡಲು ಅರ್ಧರ್ಧ ಕಳೆಯುವ ದಾರಿ ಒಳ್ಳೆಯದು. ಕಂಪ್ಯೂಟರಿನೊಂದಿಗೇ ಶುರುವಾಗುವ ಪ್ರೋಗ್ರಾಮುಗಳು ಹದಿನಾರು ಇವೆ, ಅವುಗಳಲ್ಲಿ ಒಂದು ತೊಂದರೆ ಕೊಡುತ್ತಿದೆ ಎಂದುಕೊಂಡರೆ, ಟಾಸ್ಕ್ ಮ್ಯಾನೇಜರಿನ ಸ್ಟಾರ್ಟಪ್ ವಿಭಾಗದಲ್ಲಿ ಎಂಟನ್ನು ತಡೆದು ರೀಸ್ಟಾರ್ಟ್ ಮಾಡಬೇಕು. ತೊಂದರೆ ಹೋದರೆ ತಡೆದ ಎಂಟರಲ್ಲಿ, ಉಳಿದರೆ ಬಿಟ್ಟ ಎಂಟರಲ್ಲಿ ಹುಡುಕಬೇಕು. ಹೀಗೆ ಎಂಟು, ನಾಲ್ಕು, ಎರಡು, ಒಂದು ಎಂದು ನಾಲ್ಕೇ ಪರೀಕ್ಷೆಯಲ್ಲಿ ಅಪರಾಧಿ ಸಿಗುತ್ತದೆ. ಆದರೆ ಈ ಲೆಕ್ಕದ ಅಡಿಯಲ್ಲಿ ಒಂದು ನಂಬಿಕೆ ಅಡಗಿದೆ: ಕಾರಣ ಒಂದೇ ಎಂಬುದು. ಎರಡು ಆ್ಯಂಟಿವೈರಸ್ ಪ್ರೋಗ್ರಾಮುಗಳು ಒಟ್ಟಿಗೆ ಕಾವಲು ಕಾಯಲು ನಿಂತು ಒಂದನ್ನೊಂದು ತಡೆಯುತ್ತಿದ್ದರೆ, ಯಾವುದನ್ನು ತೆಗೆದರೂ ಯಂತ್ರ ಸರಿಹೋಗುತ್ತದೆ. ಮೊದಲನೆಯದನ್ನು ತೆಗೆದವರು ಅದನ್ನೇ ದೂರುತ್ತಾರೆ, ಎರಡನೆಯದನ್ನು ತೆಗೆದವರು ಇದನ್ನು. ಒಂಬತ್ತನೆಯ ಶತಮಾನದ ಕಾಶ್ಮೀರದ ನೈಯಾಯಿಕ ಜಯಂತಭಟ್ಟ ಇದಕ್ಕೆ ಸಲ್ಲುವ ಉತ್ತರ ಕೊಟ್ಟಿದ್ದಾನೆ. ಫಲವನ್ನು ತಪ್ಪದೆ ತರುವುದು ಯಾವುದೋ ಒಂದು ಬಿಡಿ ಕಾರಣವಲ್ಲ, ಎಲ್ಲವೂ ಕೂಡಿದ ಸಾಮಗ್ರಿ ಎಂಬುದು ಅವನ ಮತ. ಆ್ಯಂಟಿವೈರಸ್ ಜಗಳದಲ್ಲಿ ದೋಷವಿರುವುದು ಎರಡರ ಕೂಟದಲ್ಲಿ. ಯಾವುದನ್ನು ಉಳಿಸಿಕೊಳ್ಳಬೇಕು ಎಂಬುದು ಕಾರಣದ ಪ್ರಶ್ನೆಯಾಗಿ ಉಳಿಯುವುದಿಲ್ಲ, ಆಯ್ಕೆಯ ಪ್ರಶ್ನೆಯಾಗುತ್ತದೆ.

ಅನ್ವಯವ್ಯತಿರೇಕ ಎರಡೂ ಕೂಡಿಬಂದರೂ ಮೋಸಹೋಗುವ ಒಂದು ಸಂದರ್ಭವನ್ನು ನೈಯಾಯಿಕರು ಉಪಾಧಿ ಎಂಬ ಹೆಸರಿನಲ್ಲಿ ಗುರುತಿಸಿದ್ದಾರೆ. ಹೊಗೆಯಿದ್ದಲ್ಲಿ ಬೆಂಕಿ ಇದ್ದೇ ಇರುತ್ತದೆ. ಬೆಂಕಿಯಿದ್ದಲ್ಲಿ ಹೊಗೆ ಇರಲೇಬೇಕೆಂದಿಲ್ಲ. ಕೆಂಡದಂತೆ ಕಾದ ಕಬ್ಬಿಣದಲ್ಲಿ ಹೊಗೆಯಿಲ್ಲ. ಬೆಂಕಿ ಹೊಗೆಯಾಡಬೇಕಾದರೆ ಹಸಿ ಸೌದೆ ಸೇರಬೇಕು, ಅದೇ ಉಪಾಧಿ. ಒಂದು ನಿರ್ದಿಷ್ಟ ಆಟ ಆಡಿದಾಗಲೆಲ್ಲ ಕಂಪ್ಯೂಟರ್ ತಾನೇ ಆರಿಹೋಗುತ್ತದೆ, ಆಡದಿದ್ದರೆ ಇಲ್ಲ ಎಂದಾಗ ಆಟದಲ್ಲೇ ದೋಷವಿದೆ ಎನ್ನಿಸುವುದು ಸಹಜ. ಅದೇ ಆಟ ಪಕ್ಕದ ಮನೆಯ ಯಂತ್ರದಲ್ಲಿ ಗಂಟೆಗಟ್ಟಲೆ ಓಡುತ್ತದೆ ಎಂದು ತಿಳಿದರೆ ಉಪಾಧಿಯನ್ನು ಹುಡುಕಬೇಕಾಗುತ್ತದೆ. ಕಂಪ್ಯೂಟರಿನ ಡಬ್ಬಿಯ ಬದಿಯ ತಗಡು ಬಿಚ್ಚಿದರೆ ಅದು ಹಲವು ಸಲ ಕಣ್ಣಿಗೇ ಕಾಣುತ್ತದೆ: ಪ್ರೊಸೆಸರಿನ ಮೇಲಿನ ಅಲ್ಯೂಮಿನಿಯಂ ರೆಕ್ಕೆಗಳ ನಡುವೆ ಬೂದುಬಣ್ಣದ ಧೂಳು ಕಂಬಳಿಯಂತೆ ಕೂತಿರುತ್ತದೆ, ಫ್ಯಾನಿನ ಗಾಳಿ ಅದರಾಚೆಗೆ ಹೋಗುವುದೇ ಇಲ್ಲ. ಎಷ್ಟೋ ಇಂಟೆಲ್ ಪ್ರೊಸೆಸರ್‌ಗಳ ಗರಿಷ್ಠ ಉಷ್ಣತೆಯ ಮಿತಿ ಸುಮಾರು 100 ಡಿಗ್ರಿ ಸೆಲ್ಸಿಯಸ್. ಅದನ್ನು ಮುಟ್ಟಿದಾಗ ಪ್ರೊಸೆಸರ್ ಮೊದಲು ತನ್ನ ವೇಗ ತಗ್ಗಿಸಿಕೊಳ್ಳುತ್ತದೆ, ಆಮೇಲೂ ಬಿಸಿಯೇರಿದರೆ ಸುಟ್ಟುಹೋಗದಿರಲೆಂದು ಯಂತ್ರವೇ ಆರುತ್ತದೆ. ಆಟವನ್ನು ಅಳಿಸಿ ಸಮಾಧಾನಪಟ್ಟವರಿಗೆ ವಿಡಿಯೊ ಎಡಿಟ್ ಮಾಡುವ ದಿನ ಅದೇ ತೊಂದರೆ ಎದುರಾಗುತ್ತದೆ.

ಇಷ್ಟೆಲ್ಲ ಪರೀಕ್ಷಿಸಿದ ಮೇಲೂ ಅನುಮಾನವನ್ನು ಪ್ರಮಾಣವೆಂದು ಒಪ್ಪದ ಚಾರ್ವಾಕನ ಆಕ್ಷೇಪ ಉಳಿದೇ ಇರುತ್ತದೆ. ಸಾವಿರ ಸಲ ಹೊಗೆಯ ಜೊತೆ ಬೆಂಕಿ ಕಂಡರೂ ಮುಂದಿನ ಸಲವೂ ಹಾಗೇ ಇರುತ್ತದೆ ಎಂಬುದಕ್ಕೆ ಏನು ಆಧಾರ? ಕಣ್ಣಿಗೆ ಬೀಳದ ಉಪಾಧಿಯೊಂದು ಎಲ್ಲೋ ಅವಿತಿರಬಾರದೆ? ಹತ್ತು ಹನ್ನೊಂದನೆಯ ಶತಮಾನದ ಉದಯನ ತನ್ನ ನ್ಯಾಯಕುಸುಮಾಂಜಲಿಯಲ್ಲಿ ಇದಕ್ಕೆ ಕೊಟ್ಟ ಉತ್ತರ, ಶಂಕೆಗೂ ಒಂದು ಗಡಿಯಿದೆ, ಅದು ವ್ಯಾಘಾತ ಎಂಬುದು. ಶಂಕಿಸುವವನ ನಡತೆಯೇ ಅವನ ಶಂಕೆಗೆ ವಿರುದ್ಧವಾಗಿ ನಿಂತಾಗ ಶಂಕೆ ಮುಗಿಯುತ್ತದೆ. ಹದಿನಾಲ್ಕನೆಯ ಶತಮಾನದ ಮಿಥಿಲೆಯ ಗಂಗೇಶ ತತ್ತ್ವಚಿಂತಾಮಣಿಯಲ್ಲಿ ಇದನ್ನು ಬಿಡಿಸಿ ಹೇಳುತ್ತಾನೆ: ಹೊಗೆ ಬೇಕಾದವನು ಬೆಂಕಿ ಹೊತ್ತಿಸುತ್ತಾನೆ, ಹಸಿದವನು ಉಣ್ಣುತ್ತಾನೆ, ಇನ್ನೊಬ್ಬರಿಗೆ ತಿಳಿಸಬೇಕಾದವನು ಮಾತಾಡುತ್ತಾನೆ, ಕಾರ್ಯಕಾರಣವನ್ನು ನಿಜವಾಗಿ ಶಂಕಿಸುವವನು ಇವನ್ನೆಲ್ಲ ಮಾಡಬಾರದಿತ್ತು.

ಈ ಉತ್ತರ ಆಗೊಮ್ಮೆ ಈಗೊಮ್ಮೆ ಬಂದುಹೋಗುವ ದೋಷಗಳ ವಿಚಾರದಲ್ಲಿ ಪರೀಕ್ಷೆಗೆ ಒಳಗಾಗುತ್ತದೆ. ಮೂರು ದಿನಕ್ಕೊಮ್ಮೆ ನೀಲಿ ಪರದೆ ಬರುವ ಕಂಪ್ಯೂಟರಿನಲ್ಲಿ ಒಂದು ಡ್ರೈವರ್ ಬದಲಾಯಿಸಿ, ಒಂದು ದಿನ ಸುಮ್ಮನಿದ್ದದ್ದನ್ನು ನೋಡಿ ಗೆದ್ದೆ ಎಂದುಕೊಳ್ಳುವುದಕ್ಕೆ ಆಧಾರವಿಲ್ಲ; ಬದಲಾಯಿಸದಿದ್ದರೂ ಆ ದಿನ ಸುಮ್ಮನಿರಬಹುದಿತ್ತು. ದೋಷ ಬರುವ ಸಾಮಾನ್ಯ ಅಂತರದ ನಾಲ್ಕೈದು ಪಟ್ಟಾದರೂ ಕಾಯಬೇಕು. ರ‍್ಯಾಮ್ ಮೇಲೆ ಸಂಶಯವಿದ್ದರೆ ವಿಂಡೋಸಿನಲ್ಲೇ ಇರುವ ಮೆಮೊರಿ ಡಯಾಗ್ನೋಸ್ಟಿಕ್ಕನ್ನೋ ಮೆಮ್‌ಟೆಸ್ಟ್86 ಅನ್ನೋ ರಾತ್ರಿಯಿಡೀ ಓಡಲು ಬಿಡಬೇಕು. ಅದರ ಆಚೆಗೂ ಶಂಕಿಸುತ್ತ ಕೂರುವವರು ಅದೇ ಯಂತ್ರದಲ್ಲಿ ಲೆಕ್ಕಪತ್ರ ಬರೆಯುತ್ತಿದ್ದಾರೆ ಎಂದಾದರೆ ಉದಯನನ ಮಾತು ಅವರಿಗೂ ಅನ್ವಯಿಸುತ್ತದೆ.

ಈಗ ಮೂಲ ಪ್ರಶ್ನೆ. ಜ್ಞಾನ ನಿಜವೆಂದು ಗೊತ್ತಾಗುವುದು ಅದನ್ನು ನಂಬಿ ಮಾಡಿದ ಪ್ರವೃತ್ತಿ ಫಲಿಸಿದಾಗ ಎಂಬ ವಿಚಾರದಿಂದಲೇ ವಾತ್ಸ್ಯಾಯನನ ನ್ಯಾಯಭಾಷ್ಯ ಶುರುವಾಗುತ್ತದೆ. ನೀರು ಕಂಡಿತು ಎಂದುಕೊಂಡು ಹೋದವನ ಬಾಯಾರಿಕೆ ಹಿಂಗಿದರೆ ಕಂಡದ್ದು ನೀರೇ. ಯಂತ್ರ ಕೆಟ್ಟಾಗ ಜನರೆಲ್ಲ ಆಶ್ರಯಿಸುವ ತತ್ತ್ವ ಇದೇ. ಆದರೆ ಎಂಟನೆಯ ಶತಮಾನದ ಬೌದ್ಧ ತಾರ್ಕಿಕ ಧರ್ಮೋತ್ತರ ಇದಕ್ಕೆ ತೊಡಕಾಗುವ ಸಂದರ್ಭವೊಂದನ್ನು ಕಲ್ಪಿಸಿದ. ಮಾಂಸ ಸುಡಲು ಯಾರೋ ಬೆಂಕಿ ಹಚ್ಚಿದ್ದಾರೆ. ಇನ್ನೂ ಹೊಗೆ ಎದ್ದಿಲ್ಲ. ಮಾಂಸಕ್ಕೆ ಮುತ್ತಿದ ನೊಣಗಳ ಹಿಂಡನ್ನು ದೂರದಿಂದ ನೋಡಿದವನು ಹೊಗೆಯೆಂದು ಭ್ರಮಿಸಿ, ಅಲ್ಲಿ ಬೆಂಕಿಯಿದೆ ಎಂದು ಊಹಿಸುತ್ತಾನೆ. ಹೋಗಿ ನೋಡಿದರೆ ಬೆಂಕಿ ಇದ್ದೇ ಇದೆ. ಹನ್ನೆರಡನೆಯ ಶತಮಾನದ ಶ್ರೀಹರ್ಷ ಖಂಡನಖಂಡಖಾದ್ಯದಲ್ಲಿ ಇನ್ನೂ ಸರಳವಾದದ್ದನ್ನು ಮುಂದಿಡುತ್ತಾನೆ: ಮುಷ್ಟಿಯಲ್ಲಿರುವ ಕವಡೆಗಳೆಷ್ಟು ಎಂದು ಕೇಳಿದಾಗ ಬಾಯಿಗೆ ಬಂದಂತೆ ಐದು ಎಂದವನ ಮಾತು ನಿಜವಾಗಿಬಿಡುತ್ತದೆ. ಅದು ನಿಜ, ಜ್ಞಾನವಲ್ಲ. ಪಶ್ಚಿಮದಲ್ಲಿ ಎಡ್ಮಂಡ್ ಗೆಟಿಯರ್ 1963ರಲ್ಲಿ ಮೂರು ಪುಟದ ಲೇಖನದಲ್ಲಿ ಇದೇ ಬಗೆಯ ಸಂದರ್ಭಗಳನ್ನು ಮುಂದಿಟ್ಟ ಮೇಲೆ ಅಲ್ಲಿನ ತತ್ತ್ವಜ್ಞಾನದಲ್ಲಿ ಒಂದು ದೊಡ್ಡ ಚರ್ಚೆಯೇ ಎದ್ದಿತು.

ಮನೆಯ ಇಂಟರ್‌ನೆಟ್ ನಿಂತುಹೋದ ಸಂಜೆ ಧರ್ಮೋತ್ತರನ ನೊಣಗಳು ತಪ್ಪದೆ ಬರುತ್ತವೆ. ಬಳಸುವವರು ರೌಟರಿನ ತಂತಿ ಕಿತ್ತು ಹಾಕುತ್ತಾರೆ, ಡಿಎನ್‌ಎಸ್ ವಿಳಾಸ ಬದಲಿಸುತ್ತಾರೆ, ವೈಫೈ ಪಾಸ್‌ವರ್ಡ್ ಮತ್ತೆ ಬರೆಯುತ್ತಾರೆ. ಮೂರನೆಯದು ಮುಗಿಯುವ ಹೊತ್ತಿಗೆ ಸಂಪರ್ಕ ಬರುತ್ತದೆ. ಅಷ್ಟರಲ್ಲಿ ಸೇವೆ ಕೊಡುವವರು ರಸ್ತೆ ಬದಿಯ ತುಂಡಾದ ಕೇಬಲ್ ಜೋಡಿಸಿ ಹೋಗಿರುತ್ತಾರೆ. ಪಾಸ್‌ವರ್ಡ್ ಮತ್ತೆ ಬರೆಯುವುದೇ ಮದ್ದು ಎಂಬ ತಿಳಿವಳಿಕೆ ಆ ಮನೆಯಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಇದನ್ನು ಬಿಡಿಸುವ ದಾರಿ ಒಂದಿದೆ, ಅದನ್ನು ಮಾಡುವವರು ಕಡಿಮೆ: ಸರಿಹೋದ ಮೇಲೆ ಬದಲಾವಣೆಯನ್ನು ಹಿಂದಕ್ಕೆ ತಂದು ತೊಂದರೆ ಮರಳುತ್ತದೆಯೆ ಎಂದು ನೋಡುವುದು. ಮರಳಿದರೆ, ಮತ್ತೆ ಬದಲಿಸಿದಾಗ ಹೋದರೆ, ಆಗ ಕಾರಣ ತಿಳಿದಿದೆ ಎನ್ನಬಹುದು. ಮರಳದಿದ್ದರೆ ಮಾಡಿದ್ದಕ್ಕೂ ಆದದ್ದಕ್ಕೂ ಸಂಬಂಧವಿದೆ ಎನ್ನಲು ಆಧಾರವಿಲ್ಲ. ಸರಿಹೋದದ್ದನ್ನು ಬೇಕೆಂದೇ ಕೆಡಿಸಿ ನೋಡುವುದು ಮನಸ್ಸಿಗೆ ಒಗ್ಗುವುದಿಲ್ಲ, ನಿಜ. ಆದರೆ ಸಫಲತೆಯಿಂದ ಜ್ಞಾನಕ್ಕೆ ದಾಟುವ ಸೇತುವೆ ಅಲ್ಲೇ ಇದೆ.

ಹಾಗಾದರೆ ಪ್ರತಿಯೊಂದು ತಿಳಿವಳಿಕೆಯನ್ನೂ ಹೀಗೆ ಪರೀಕ್ಷಿಸಬೇಕೆ? ಪರೀಕ್ಷೆಯ ಫಲ ಕಂಡದ್ದೂ ಒಂದು ತಿಳಿವಳಿಕೆಯೇ. ಅದಕ್ಕೆ ಇನ್ನೊಂದು ಪರೀಕ್ಷೆ, ಅದಕ್ಕೆ ಮತ್ತೊಂದು ಎಂದು ಕೊನೆಯೇ ಇಲ್ಲದಂತಾಗುತ್ತದೆ. ಈ ಅನವಸ್ಥಾದೋಷವನ್ನು ನೈಯಾಯಿಕರ ಮೇಲೆ ಹೊರಿಸಿದವರಲ್ಲಿ ಕರ್ನಾಟಕದ ದ್ವೈತಿಗಳೂ ಇದ್ದಾರೆ. ಪ್ರಮಾಣಪದ್ಧತಿಯನ್ನು ಬರೆದ ಜಯತೀರ್ಥರು, ವಿಜಯನಗರದ ಕಾಲದಲ್ಲಿ ತರ್ಕತಾಂಡವವನ್ನು ಬರೆದು 1539ರಲ್ಲಿ ತೀರಿಕೊಂಡ ವ್ಯಾಸತೀರ್ಥರು ಈ ಪರಂಪರೆಯವರು. ಜ್ಞಾನದ ಪ್ರಾಮಾಣ್ಯವನ್ನು ಒಳಗಿನ ಸಾಕ್ಷಿಯೇ ನೇರವಾಗಿ ಹಿಡಿಯುತ್ತದೆ ಎಂಬುದು ದ್ವೈತದ ನಿಲುವು. ಸಂಶಯ ಹುಟ್ಟಿದಲ್ಲಿ ಮಾತ್ರ ಪರೀಕ್ಷೆ ಬೇಕು, ಅದರ ಕೆಲಸವೂ ಸಂಶಯವನ್ನು ಸರಿಸುವುದಷ್ಟೇ. ಮನೆಬಳಕೆಯ ಮಟ್ಟಿಗೆ ದ್ವೈತಿಗಳ ಮಾತೇ ಹೆಚ್ಚು ಕಾರ್ಯಸಾಧ್ಯ. ಪರದೆಯ ಬೆಳಕು ಕಡಿಮೆ ಮಾಡಿದಾಗ ಕಡಿಮೆಯಾಯಿತೆ ಎಂದು ಯಾರೂ ಪರೀಕ್ಷಿಸುವುದಿಲ್ಲ, ಪರೀಕ್ಷಿಸಬೇಕಾಗಿಯೂ ಇಲ್ಲ. ಪರೀಕ್ಷೆ ಬೇಕಾಗುವುದು ಒಂದು ಫಲಕ್ಕೆ ಎರಡು ಕಾರಣಗಳು ಎದುರು ನಿಂತಾಗ.

ತಾನೇ ಪರೀಕ್ಷಿಸಲಾಗದಲ್ಲಿ ಬೇರೆಯವರ ಮಾತನ್ನು ನಂಬಬೇಕಾಗುತ್ತದೆ. ನ್ಯಾಯಸೂತ್ರ ಆಪ್ತರ ಉಪದೇಶವನ್ನು ಸ್ವತಂತ್ರ ಪ್ರಮಾಣವೆಂದೇ ಒಪ್ಪುತ್ತದೆ. ವಿಷಯವನ್ನು ತಾನೇ ಕಂಡು ತಿಳಿದವನು, ತಿಳಿದಂತೆಯೇ ಹೇಳುವ ಇಚ್ಛೆಯುಳ್ಳವನು ಆಪ್ತ. ಅವನು ಋಷಿಯಾಗಿರಬಹುದು, ಆರ್ಯನಾಗಿರಬಹುದು, ಮ್ಲೇಚ್ಛನಾಗಿರಬಹುದು ಎನ್ನುತ್ತಾನೆ ವಾತ್ಸ್ಯಾಯನ. ಈ ಎರಡು ಗುಣಗಳಲ್ಲಿ ಒಂದು ಇಲ್ಲದಿದ್ದರೂ ಏನಾಗುತ್ತದೆ ಎಂಬುದನ್ನು 2002ರಲ್ಲಿ ಹರಿದಾಡಿದ ಒಂದು ಇಮೇಲ್ ತೋರಿಸಿಕೊಟ್ಟಿತು. ಕಂಪ್ಯೂಟರಿನಲ್ಲಿ ಜೆಡಿಬಿಜಿಎಂಜಿಆರ್ ಎಂಬ ಹೆಸರಿನ, ಪುಟ್ಟ ಕರಡಿಯ ಚಿತ್ರವಿರುವ ಕಡತವಿದ್ದರೆ ಅದು ವೈರಸ್, ಆ್ಯಂಟಿವೈರಸ್ಸಿಗೂ ಅದು ಸಿಗುವುದಿಲ್ಲ, ಕೂಡಲೇ ಅಳಿಸಿ ಎಂದು ಅದರಲ್ಲಿತ್ತು. ಹುಡುಕಿದವರಿಗೆ ಕರಡಿ ಸಿಕ್ಕೇಸಿಕ್ಕಿತು, ಏಕೆಂದರೆ ಅದು ಆ ಕಾಲದ ವಿಂಡೋಸಿನದೇ ಕಡತ. ಜಾವಾ ಪ್ರೋಗ್ರಾಂ ಬರೆಯುವವರಿಗೆ ಬೇಕಾದದ್ದು. ಅನೇಕರು ಅಳಿಸಿದರು, ಸ್ನೇಹಿತರಿಗೂ ಅಳಿಸಲು ಹೇಳಿದರು. ಹೀಗೆ ಹೇಳಿದವರಲ್ಲಿ ಹಿತ ಬಯಸುವ ಮನಸ್ಸಿತ್ತು, ಕಂಡು ತಿಳಿದದ್ದಿರಲಿಲ್ಲ.

ಕರಡಿ ಇರುವುದರಿಂದ ವೈರಸ್ ಇದೆ ಎಂಬ ಊಹೆಯಲ್ಲಿನ ದೋಷಕ್ಕೆ ತರ್ಕಶಾಸ್ತ್ರದಲ್ಲಿ ಸಾಧಾರಣ ಅನೈಕಾಂತಿಕ ಎಂದು ಹೆಸರು. ಹೇತು (ಇಲ್ಲಿ ಕರಡಿ) ಸಾಧ್ಯ (ಇಲ್ಲಿ ವೈರಸ್) ಇರುವಲ್ಲೂ ಇದೆ, ಇಲ್ಲದಲ್ಲೂ ಇದೆ. ಆದ್ದರಿಂದ ಅದು ಏನನ್ನೂ ಸಾಧಿಸುವುದಿಲ್ಲ. ಫೋನ್ ಮಾಡಿ ನಿಮ್ಮ ಕಂಪ್ಯೂಟರಿಗೆ ವೈರಸ್ ಹತ್ತಿದೆ ಎನ್ನುವ ವಂಚಕರು ಇದೇ ಹೇತ್ವಾಭಾಸದ, ಅಂದರೆ ಹುಸಿ ಹೇತುವಿನ, ಮೇಲೆ ಬದುಕುತ್ತಾರೆ. ಅವರು ಯಂತ್ರದ ಆಗುಹೋಗುಗಳ ದಾಖಲೆ ತೋರಿಸುವ ಇವೆಂಟ್ ವ್ಯೂವರ್ ತೆರೆಸಿ, ಸಾಲುಗಟ್ಟಿದ ಕೆಂಪು ಗುರುತುಗಳನ್ನು ತೋರಿಸಿ, ಹೆದರಿದವರಿಂದ ಹಣ ಕೀಳುತ್ತಾರೆ. ಆರೋಗ್ಯವಾಗಿರುವ ಕಂಪ್ಯೂಟರಿನಲ್ಲೂ ಅಂಥ ಕೆಂಪು ಗುರುತುಗಳು ದಿನವೂ ದಾಖಲಾಗುತ್ತವೆ. ಇದನ್ನು ಮನೆಯ ಹಿರಿಯರಿಗೆ ಒಮ್ಮೆ ತೆರೆದು ತೋರಿಸಿದರೆ ಅದಕ್ಕಿಂತ ದೊಡ್ಡ ರಕ್ಷಣೆ ಇನ್ನೊಂದಿಲ್ಲ.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಇನ್ನೊಂದು ಬಗೆಯ ಭ್ರಮೆ ಚೆನ್ನಾಗಿ ಪರಿಚಿತ. ಹತ್ತಿಪ್ಪತ್ತು ವರ್ಷಗಳ ಹಿಂದೆ ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬೆರಳಚ್ಚು ಮಾಡಿದ ಕಡತವನ್ನು ಹೊಸ ಕಂಪ್ಯೂಟರಿನಲ್ಲಿ ತೆರೆದರೆ ಪರದೆಯ ತುಂಬ ಚಿಹ್ನೆ ಹಾಕಿದ ರೋಮನ್ ಅಕ್ಷರಗಳು, ಎರಡು ಚುಕ್ಕೆಯ ಎ, ಬಾಲವಿರುವ ಸಿ ಬಂದು ಕೂರುತ್ತವೆ. ಕಡತ ಕೆಟ್ಟಿದೆ ಎಂದು ಅಳಿಸಿಬಿಟ್ಟವರು ಎಷ್ಟೋ ಜನ. ಕಡತದಲ್ಲಿ ಏನೂ ಕೆಟ್ಟಿಲ್ಲ. ಆ ಫಾಂಟುಗಳು ರೋಮನ್ ಅಕ್ಷರಗಳ ಸಂಖ್ಯಾಸ್ಥಾನಗಳಲ್ಲೇ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಫಾಂಟ್ ಇಲ್ಲದ ಕಡೆ ಅದೇ ಸಂಖ್ಯೆಗಳು ತಮ್ಮ ಮೂಲ ರೋಮನ್ ಆಕಾರದಲ್ಲಿ ಕಾಣುತ್ತವೆ. ಯುನಿಕೋಡ್ 1991ರ ತನ್ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಸ್ಥಾನಗಳ ಸ್ವಂತ ಪಟ್ಟಿಯನ್ನು ಮೀಸಲಿಟ್ಟಿತ್ತು, ಬಳಕೆಗೆ ಬರಲು ಮಾತ್ರ ವರ್ಷಗಳೇ ಹಿಡಿದವು.

ಒಂದು ವಸ್ತು ಇನ್ನೊಂದಾಗಿ ತೋರುವುದನ್ನು ನೈಯಾಯಿಕರು ಅನ್ಯಥಾಖ್ಯಾತಿ ಎನ್ನುತ್ತಾರೆ. ಕಾಮಾಲೆಯಾದವನಿಗೆ ಶಂಖ ಹಳದಿಯಾಗಿ ಕಾಣುವುದು ಇದಕ್ಕೊಂದು ನಿದರ್ಶನ. ದೋಷವಿರುವುದು ಶಂಖದಲ್ಲಲ್ಲ, ನೋಡುವ ಕರಣದಲ್ಲಿ. ಹಾಗಾಗಿ ಮದ್ದೂ ಶಂಖಕ್ಕಲ್ಲ. ಹಳೆಯ ಫಾಂಟನ್ನು ಹಾಕಿಕೊಂಡರೆ, ಅಥವಾ ಪರಿವರ್ತಕದಲ್ಲಿ ಹಾಯಿಸಿ ಯುನಿಕೋಡಿಗೆ ತಂದರೆ, ಬರೆದದ್ದೆಲ್ಲ ಮತ್ತೆ ಕನ್ನಡವಾಗಿ ಎದ್ದು ನಿಲ್ಲುತ್ತದೆ. ಚೌಕಾಕಾರದ ಡಬ್ಬಿಗಳು ಕಂಡರೆ ಆ ಅಕ್ಷರಗಳಿರುವ ಫಾಂಟ್ ಇಲ್ಲ ಎಂದರ್ಥ. ಒತ್ತಕ್ಷರ ಅಡಿಗೆ ಹೋಗದೆ ಪಕ್ಕದಲ್ಲೇ ನಿಂತರೆ ಅಕ್ಷರಗಳನ್ನು ಜೋಡಿಸುವ ಪ್ರೋಗ್ರಾಂ ಕನ್ನಡವನ್ನು ಸರಿಯಾಗಿ ನಿಭಾಯಿಸುತ್ತಿಲ್ಲ ಎಂದರ್ಥ. ತೋರುವ ವಿಕಾರದ ಬಗೆಯೇ ದೋಷವಿರುವ ಜಾಗವನ್ನು ಹೇಳುತ್ತದೆ.

ಯಂತ್ರವನ್ನು ತನಗೊಪ್ಪುವಂತೆ ತಿದ್ದಿಕೊಳ್ಳುವುದಕ್ಕೂ ಇದೇ ಶಿಸ್ತು ಸಾಕು. ಕೆ. ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸವನ್ನೋ ಇನ್‌ಸ್ಕ್ರಿಪ್ಟನ್ನೋ ಆಯ್ದುಕೊಳ್ಳುವುದು, ಅಕ್ಷರದ ಗಾತ್ರ ಹಿಗ್ಗಿಸುವುದು, ರಾತ್ರಿ ಪರದೆಯ ನೀಲಿ ತಗ್ಗಿಸುವುದು, ಬೇಡದ ಅಧಿಸೂಚನೆಗಳನ್ನು ನಿಲ್ಲಿಸುವುದು ಇವೆಲ್ಲ ಹಿಂದಕ್ಕೆ ತರಬಹುದಾದ ಬದಲಾವಣೆಗಳು. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಮೊದಲು ಹೇಗಿತ್ತೆಂದು ಒಂದು ಚೀಟಿಯಲ್ಲಿ ಬರೆದಿಟ್ಟರೆ ಸಾಕು. ಡ್ರೈವರ್, ರಿಜಿಸ್ಟ್ರಿಗಳಿಗೆ ಕೈಹಾಕುವ ಮೊದಲು ಮಾತ್ರ ರಿಸ್ಟೋರ್ ಪಾಯಿಂಟ್ ಮಾಡಿಟ್ಟುಕೊಳ್ಳಬೇಕು. ಹಿಂದಕ್ಕೆ ಹೋಗುವ ದಾರಿ ಇದ್ದರೆ ತಪ್ಪು ಊಹೆಯೂ ಕಲಿಸುತ್ತದೆ.

ವಿಚಾರಣೆಯನ್ನು ಕೂಡಲೇ ನಿಲ್ಲಿಸಬೇಕಾದ ಸಂದರ್ಭವೂ ಒಂದಿದೆ. ಹಾರ್ಡ್ ಡಿಸ್ಕಿನಿಂದ ಟಿಕ್ ಟಿಕ್ ಎಂಬ ಸದ್ದು ಬರುತ್ತಿದ್ದರೆ, ಕಡತಗಳು ತೆರೆಯಲು ವಿಪರೀತ ಹೊತ್ತು ಹಿಡಿಯುತ್ತಿದ್ದರೆ, ಡಿಸ್ಕಿನ ಸ್ವಯಂಪರೀಕ್ಷೆಯ ವರದಿ ಎಚ್ಚರಿಕೆ ಕೊಡುತ್ತಿದ್ದರೆ, ಕಾರಣ ಯಾವುದೆಂದು ಪರೀಕ್ಷಿಸುವ ಒಂದೊಂದು ಓಟವೂ ಉಳಿದ ಆಯುಸ್ಸನ್ನು ತಿನ್ನುತ್ತದೆ. ಅಲ್ಲಿ ರೀಸ್ಟಾರ್ಟ್ ಮಾಡಿದಾಗ ಸರಿಹೋದದ್ದನ್ನು ನಂಬಿ ಸುಮ್ಮನಿರುವುದೂ ತಪ್ಪು, ಬಿಚ್ಚಿ ನೋಡಲು ಹೊರಡುವುದೂ ತಪ್ಪು. ಬೇರಾವ ಪರೀಕ್ಷೆಯನ್ನೂ ಮಾಡದೆ ಮೊದಲು ಫೋಟೊ, ದಾಖಲೆ, ಲೆಕ್ಕಪತ್ರಗಳನ್ನು ಇನ್ನೊಂದು ಡಿಸ್ಕಿಗೆ ನಕಲು ಮಾಡಿಕೊಳ್ಳಿ.